ದೇಶದಲ್ಲಿ ಆನೆ ಕಮ್ಮಿ, ನಮ್ಮ ತೋಟದಲ್ಲಿ ಜಾಸ್ತಿ: ಇದು ಹೇಗೆ?

2025ರ ಅಕ್ಟೋಬರ್‌ನಲ್ಲಿ ದೇಶದ ಕಾಡಾನೆಗಳ ಹೊಸ ಲೆಕ್ಕ ಹೊರಬಂತು. ಒಟ್ಟು 22,446. 2017ರ ಲೆಕ್ಕದಲ್ಲಿ ಇದು 29,964 ಇತ್ತು. ಏಳು ಸಾವಿರ ಆನೆ ಎಲ್ಲಿ ಹೋದವು ಅಂತ ಸುದ್ದಿಯಾಯಿತು.

ನಮ್ಮ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಮಾತೇ ಬೇರೆ. ಕಾಫಿ ಕೊಯ್ಲಿನ ಹೊತ್ತಿಗೆ ತೋಟಕ್ಕೆ ಆಳು ಕಳಿಸೋದಕ್ಕೂ ಮೊದಲು ಆನೆ ಎಲ್ಲಿದೆ ಅಂತ ವಿಚಾರಿಸಬೇಕು. ಇಪ್ಪತ್ತು ವರ್ಷದ ಹಿಂದೆ ಆನೆ ಅಂದರೆ ಗೊತ್ತೇ ಇಲ್ಲದ ಊರುಗಳಲ್ಲಿ ಈಗ ಗದ್ದೆ ತುಳಿದ ಗುರುತು. ಇಲ್ಲಿ ನಿಂತು ‘ಆನೆ ಕಮ್ಮಿಯಾಗಿದೆ’ ಅಂದರೆ ಯಾರು ನಂಬುತ್ತಾರೆ? ನಂಬದೇ ಇರುವುದರಲ್ಲಿ ತಪ್ಪೂ ಇಲ್ಲ, ಕಣ್ಣೆದುರಿಗೆ ಕಾಣುತ್ತಿದೆಯಲ್ಲ.

ಆದರೆ ಆನೆ ಎಷ್ಟಿವೆ ಅನ್ನೋದು ಒಂದು ಪ್ರಶ್ನೆ, ಆನೆ ಎಲ್ಲಿವೆ ಅನ್ನೋದು ಇನ್ನೊಂದು ಪ್ರಶ್ನೆ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಹಾಸನದ ಪರಿಸ್ಥಿತಿಯೂ ಅರ್ಥವಾಗುತ್ತದೆ, ಶ್ರೀಲಂಕಾ, ಚೀನಾ, ವಿಯೆಟ್ನಾಂನಲ್ಲಿ ಆಗುತ್ತಿರುವುದೂ ಅರ್ಥವಾಗುತ್ತದೆ.

ಕಾಡಿನ ಆನೆಯನ್ನು ಎಣಿಸೋದು ಹೇಗೆ?

ನೇರವಾಗಿ ಎಣಿಸೋದು ಹಳೇ ಪದ್ಧತಿ. ಕಾಡನ್ನು ಬ್ಲಾಕ್‌ಗಳಾಗಿ ಹಂಚಿಕೊಂಡು, ಒಂದೇ ದಿನ ಎಲ್ಲ ಕಡೆ ಸಿಬ್ಬಂದಿ ನಡೆದು ಹೋಗಿ, ಕಂಡ ಆನೆಗಳನ್ನು ಬರೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕೆರೆಕಟ್ಟೆಗಳ ಹತ್ತಿರ ಕೂತು, ನೀರಿಗೆ ಬರುವ ಆನೆಗಳನ್ನು ಎಣಿಸೋದೂ ಇದೆ. ನೀರಿನ ಹತ್ತಿರ ಗಂಡು, ಹೆಣ್ಣು, ಮರಿ ಎಷ್ಟೆಷ್ಟು ಅನ್ನೋದು ಚೆನ್ನಾಗಿ ತಿಳಿಯುತ್ತದೆ. ಒಟ್ಟು ಸಂಖ್ಯೆ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಲಂಟಾನ ಪೊದೆ ಎತ್ತರಕ್ಕೆ ಬೆಳೆದ ಕಡೆ ಹತ್ತು ಮಾರು ದೂರದಲ್ಲಿ ಸಲಗ ನಿಂತಿದ್ದರೂ ಕಾಣುವುದಿಲ್ಲ.

ಅದಕ್ಕೇ ಲದ್ದಿ ಎಣಿಸೋ ಕ್ರಮ ಬಂತು. ನೇರವಾದ ಗೆರೆಯಲ್ಲಿ ನಡೆಯುತ್ತಾ ಎರಡೂ ಬದಿಯ ಲದ್ದಿ ಗುಡ್ಡೆಗಳನ್ನು ಲೆಕ್ಕ ಹಾಕುತ್ತಾರೆ. ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ. ಹಾಕಿದ ಲದ್ದಿ ಎಷ್ಟು ದಿನ ಕರಗದೆ ಉಳಿಯುತ್ತದೆ ಅಂತ ಗೊತ್ತಿದ್ದರೆ, ಇಷ್ಟು ಲದ್ದಿಗೆ ಇಷ್ಟು ಆನೆ ಅಂತ ಹೇಳಬಹುದು. ತೊಂದರೆ ಇರುವುದು ಆ ‘ಎಷ್ಟು ದಿನ’ದಲ್ಲಿ. ಒಣ ಕಾಡಿನ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಇರುವ ಲದ್ದಿ ಮಲೆನಾಡಿನ ಮಳೆಯಲ್ಲಿ ಬೇಗ ಕರಗಿ ಹೋಗುತ್ತದೆ, ಉಳಿದದ್ದನ್ನು ಹುಳ ತಿನ್ನುತ್ತದೆ. ಒಂದು ಕಾಡಿನ ಅಂಕಿಯನ್ನು ಇನ್ನೊಂದು ಕಾಡಿಗೆ ಹಾಕಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಈ ಸಲದ ದೇಶದ ಲೆಕ್ಕವನ್ನು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ 2021ರಿಂದ 2025ರ ತನಕ ಮಾಡಿತು. ಇಲ್ಲೂ ಲದ್ದಿಯೇ ಆಧಾರ, ಆದರೆ ಎಣಿಸೋಕೆ ಅಲ್ಲ, ಡಿಎನ್‌ಎ ತೆಗೆಯೋಕೆ. ಆಗತಾನೆ ಬಿದ್ದ ಲದ್ದಿಯ ಉಂಡೆಯ ಮೇಲೆ ತೆಳ್ಳಗೆ, ಹೊಳೆಯುವ ಲೋಳೆಯಂಥ ಪದರ ಇರುತ್ತದೆ. ಉಂಡೆ ಕರುಳಿನಿಂದ ಜಾರಿ ಬರುವಾಗ ಕರುಳಿನ ಒಳಪದರದ ಜೀವಕೋಶಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಒಳಗಿನ ನಾರು, ಹಲಸಿನ ಬೀಜ, ಕೆಲವೊಮ್ಮೆ ಕಾಫಿ ಬೀಜ, ಇವೆಲ್ಲ ಆನೆ ತಿಂದದ್ದು. ಹೊರಗಿನ ಲೋಳೆ ಮಾತ್ರ ಆನೆಯದೇ ಮೈಯ ಭಾಗ. ಆ ಪದರವನ್ನಷ್ಟೇ ಹುಷಾರಾಗಿ ಕೆರೆದು ಟ್ಯೂಬಿಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಮಳೆ ಬಿದ್ದರೆ ಲೋಳೆ ತೊಳೆದು ಹೋಗುತ್ತದೆ, ಬಿಸಿಲಲ್ಲಿ ಒಣಗಿದರೂ ಕೆಲಸ ಕೆಟ್ಟಿತು. ಎಲ್ಲ ಸರಿಯಾಗಿ ಸಿಕ್ಕರೆ ಈ ಲದ್ದಿ ಇದೇ ಆನೆಯದು ಅಂತ ಗುರುತು ಹಿಡಿಯಬಹುದು.

ಹೀಗೆ ದೇಶದಾದ್ಯಂತ 21,056 ಮಾದರಿ ಸಂಗ್ರಹಿಸಿ, ಅದರಲ್ಲಿ 4,065 ಬೇರೆ ಬೇರೆ ಆನೆಗಳನ್ನು ಗುರುತಿಸಿದರು.

ನಾಲ್ಕು ಸಾವಿರ ಆನೆ ಗುರುತಿಸಿ 22 ಸಾವಿರ ಅಂತ ಹೇಗೆ ಹೇಳುತ್ತಾರೆ? ಒಂದು ಮೂಟೆ ಕಾಫಿ ಬೀಜ ಇದೆ ಅಂದುಕೊಳ್ಳಿ. ಎಷ್ಟಿವೆ ಅಂತ ಒಂದೊಂದೇ ಎಣಿಸೋಕೆ ಆಗಲ್ಲ. ನೂರು ಬೀಜ ತೆಗೆದು ಬಣ್ಣ ಹಚ್ಚಿ, ವಾಪಸ್ ಹಾಕಿ, ಚೆನ್ನಾಗಿ ಕಲೆಸಿ, ಮತ್ತೆ ನೂರು ತೆಗೆಯಿರಿ. ಅದರಲ್ಲಿ ಬಣ್ಣದ್ದು ಹತ್ತು ಸಿಕ್ಕರೆ ಮೂಟೆಯಲ್ಲಿ ಸುಮಾರು ಸಾವಿರ ಇದೆ ಅಂತ ಅರ್ಥ. ಒಂದೇ ಸಿಕ್ಕರೆ ಹತ್ತು ಸಾವಿರ. ಆನೆಯ ವಿಷಯದಲ್ಲಿ ಡಿಎನ್‌ಎ ಗುರುತೇ ಆ ಬಣ್ಣ. ಅದೇ ಆನೆಯ ಲದ್ದಿ ಎಷ್ಟು ಸಲ, ಎಷ್ಟು ದೂರದಲ್ಲಿ ಮತ್ತೆ ಸಿಕ್ಕಿತು ಅನ್ನೋದರ ಮೇಲೆ, ಸಿಗದೇ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ.

ಅಂದಾಜು ಅಂದಮೇಲೆ ಅದಕ್ಕೊಂದು ಹಿಂದೆಮುಂದೆ ಇದ್ದೇ ಇರುತ್ತದೆ. ವರದಿಯಲ್ಲೇ ಅದು ಇದೆ: ಕನಿಷ್ಠ 18,255, ಗರಿಷ್ಠ 26,645. 22,446 ಅನ್ನೋದು ಇದರ ನಡುವಿನ ಅಂಕಿ.

ಹಾಗಾದರೆ ಏಳು ಸಾವಿರ ಆನೆ ಸತ್ತು ಹೋದವಾ?

ಹಾಗಂತ ಹೇಳೋಕೆ ಬರುವುದಿಲ್ಲ. 2017ರಲ್ಲಿ ಬಳಸಿದ್ದು ನೇರ ಎಣಿಕೆ ಮತ್ತು ಲದ್ದಿ ಎಣಿಕೆ, ಈಗಿನದು ಡಿಎನ್‌ಎ. ಹಳೇ ಲೆಕ್ಕದಲ್ಲೇ ಎರಡು ಅಂಕಿಗಳಿವೆ: ಮೊದಲು ಪ್ರಕಟವಾದದ್ದು 27,312, ಆಮೇಲೆ ಸರ್ಕಾರ ಹೇಳುತ್ತಾ ಬಂದದ್ದು 29,964. ಅದಕ್ಕೇ ಕೆಲವರು ಶೇ 18ರಷ್ಟು ಕಮ್ಮಿ ಅಂತ ಬರೆದರು, ಕೆಲವರು ಶೇ 25 ಅಂದರು. ಹೊಸ ವರದಿ ಮಾತ್ರ ಇದನ್ನು ಹಳೆಯದರ ಜತೆ ಹೋಲಿಸಬೇಡಿ, ಇನ್ನು ಮುಂದಿನ ಲೆಕ್ಕಕ್ಕೆ ಇದನ್ನೇ ಬುನಾದಿ ಮಾಡಿಕೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದೆ.

ಕರ್ನಾಟಕದ ಅಂಕಿಗಳನ್ನು ನೋಡಿದರೆ ಅಷ್ಟೊಂದು ಏರುಪೇರು ಇಲ್ಲ. 2017ರಲ್ಲಿ 6,049. 2023ರ ಮೇ ತಿಂಗಳಲ್ಲಿ ಪಕ್ಕದ ರಾಜ್ಯಗಳ ಜತೆ ಸೇರಿ ಮಾಡಿದ ಗಣತಿಯಲ್ಲಿ 6,395. ಈಗ ಡಿಎನ್‌ಎ ಲೆಕ್ಕದಲ್ಲಿ 6,013. ಎಲ್ಲ ರಾಜ್ಯಗಳಿಗಿಂತ ನಮ್ಮಲ್ಲೇ ಜಾಸ್ತಿ. ಎರಡನೆಯದು ಅಸ್ಸಾಂ, 4,159.

ಆನೆ ದಿಢೀರ್ ಅಂತ ಹೆಚ್ಚೋ ಪ್ರಾಣಿಯಲ್ಲ

ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಹೆಣ್ಣಾನೆ ಹದಿನೈದರ ಆಸುಪಾಸಿನಲ್ಲಿ ಮೊದಲ ಮರಿ ಹಾಕುತ್ತದೆ. ಹೊಟ್ಟೆಯಲ್ಲಿ ಹೊರುವುದು ಸುಮಾರು 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷದ ಅಂತರ. 20 ಆನೆಗಳ ಒಂದು ಹಿಂಡಿನಲ್ಲಿ ಮರಿ ಹಾಕುವ ವಯಸ್ಸಿನವು 8 ಇವೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಹೆಚ್ಚೆಂದರೆ ಎರಡು ಮರಿ, ಅದರಲ್ಲೂ ಎಲ್ಲವೂ ಬದುಕುವುದಿಲ್ಲ. ಹಾಗಾಗಿ ಒಂದು ಹೋಬಳಿಯಲ್ಲಿ ಎರಡು ಮೂರು ವರ್ಷದೊಳಗೆ ಆನೆ ದುಪ್ಪಟ್ಟು ಕಂಡರೆ ಅವು ಅಲ್ಲೇ ಹುಟ್ಟಿದವಲ್ಲ, ಬೇರೆ ಕಡೆಯಿಂದ ಬಂದವು. ಇಲ್ಲಾ ಅವೇ ಆನೆಗಳು ಜಾಸ್ತಿ ಊರು ಸುತ್ತುತ್ತಿವೆ. 2024ರ ಶುರುವಿನಲ್ಲಿ ಹಾಸನದ ಕಡೆ ಓಡಾಡುವ, ಬೀಟಮ್ಮ ಅನ್ನೋ ಹೆಣ್ಣಾನೆಯ ಹಿಂಡು ಚಿಕ್ಕಮಗಳೂರು ನಗರದ ಹತ್ತಿರದ ತನಕ ಬಂದಿತ್ತು. ಎರಡೂ ಜಿಲ್ಲೆಯವರು ‘ನಮ್ಮಲ್ಲಿ ಇಷ್ಟು ಆನೆ’ ಅಂತ ಹೇಳುವಾಗ ಒಂದೇ ಹಿಂಡು ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ.

ನಿಧಾನವಾಗಿ ಹೆಚ್ಚೋ ಪ್ರಾಣಿಗೆ ಬಿದ್ದ ಪೆಟ್ಟು ಬೇಗ ಮಾಯುವುದೂ ಇಲ್ಲ. ಏಷ್ಯಾದ ಆನೆಗಳಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ದಂತಕ್ಕಾಗಿ ಬೇಟೆಯಾಡಿದಾಗ ಸಾಯುವುದೂ ಗಂಡೇ. ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದ ಹೊತ್ತಿಗೆ ನೂರು ಹೆಣ್ಣಾನೆಗೆ ಒಂದು ಗಂಡು ಅನ್ನೋ ಸ್ಥಿತಿ ಬಂದಿತ್ತು. ಎಣಿಸಿದರೆ ಆನೆ ಬೇಕಾದಷ್ಟು ಇದ್ದವು, ಆದರೆ ಮರಿಗಳು ಕಮ್ಮಿಯಾಗಿದ್ದವು. ಬರೀ ಒಟ್ಟು ಸಂಖ್ಯೆ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

13 ದೇಶ, ಒಂದೊಂದರ ಹಾದಿ ಒಂದೊಂದು

ಏಷ್ಯಾದ ಆನೆ ಈಗ ಕಾಡಿನಲ್ಲಿ ಉಳಿದಿರುವುದು 13 ದೇಶಗಳಲ್ಲಿ. ಒಟ್ಟು ಸುಮಾರು 50 ಸಾವಿರ ಅಂತ ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಭಾರತದ ಹೊಸ ಅಂಕಿ ಸೇರಿಸಿದರೆ ಅದೂ ಕೆಳಗಿಳಿಯುತ್ತದೆ. ಅರ್ಧದ ಆಸುಪಾಸು ನಮ್ಮ ದೇಶದಲ್ಲೇ ಇವೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 1986ರಿಂದಲೇ ಈ ಆನೆ ಅಳಿವಿನಂಚಿನಲ್ಲಿದೆ ಅಂತ ದಾಖಲಾಗಿದೆ.

ತೀರಾ ಕುಸಿದಿರುವ ದೇಶಗಳಲ್ಲಿ ವಿಯೆಟ್ನಾಂ ಒಂದು. 1980ರ ಸುಮಾರಿಗೆ ಸಾವಿರದೈನೂರು, ಎರಡು ಸಾವಿರ ಇದ್ದದ್ದು ಈಗ ನೂರು, ನೂರೈವತ್ತರ ಮಟ್ಟಕ್ಕೆ ಬಂದಿದೆ. ಕಾಡು ಕಡಿದದ್ದು, ಕಾಫಿ, ರಬ್ಬರ್‌ನಂಥ ಬೆಳೆಗೆ ಜಾಗ ಮಾಡಿದ್ದು, ಬೇಟೆ, ಎಲ್ಲವೂ ಕಾರಣ. ಲಾವೋಸ್, ಕಾಂಬೋಡಿಯಾದಲ್ಲೂ ಕೆಲವು ನೂರರಷ್ಟೇ ಉಳಿದಿವೆ. ಮ್ಯಾನ್ಮಾರ್‌ನಲ್ಲಿ ಮರದ ಕೂಪುಗಳಲ್ಲಿ ದುಡಿದ ಸಾಕಾನೆಗಳ ಸಂಖ್ಯೆ ಕಾಡಾನೆಗಿಂತ ಜಾಸ್ತಿ. ಅಲ್ಲಿನ ಕಾಡಾನೆಗೆ ಇನ್ನೊಂದು ಕಾಟ: ದಂತಕ್ಕಲ್ಲ, ಚರ್ಮಕ್ಕಾಗಿ ಕೊಲ್ಲುತ್ತಾರೆ. ದಂತ ಇಲ್ಲದ ಹೆಣ್ಣು, ಮರಿಗಳೂ ಉಳಿಯುವುದಿಲ್ಲ. ನಿಧಾನಕ್ಕೆ ಮರಿ ಹಾಕುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಹೊಡೆತ ಇಲ್ಲ.

ಇಂಡೋನೇಷ್ಯಾದ ಸುಮಾತ್ರಾದಲ್ಲಿ ತಾಳೆ ಎಣ್ಣೆಯ ತೋಟಗಳು ಬಯಲು ಸೀಮೆಯ ಕಾಡನ್ನು ನುಂಗಿದವು. 2011ರಲ್ಲಿ ಅಲ್ಲಿನ ಆನೆಯನ್ನು ತೀವ್ರ ಅಪಾಯದಲ್ಲಿರುವ ವರ್ಗಕ್ಕೆ ಸೇರಿಸಿದರು. ಬೋರ್ನಿಯೋ ದ್ವೀಪದಲ್ಲಿರುವ ಗಾತ್ರದಲ್ಲಿ ಸಣ್ಣ ಆನೆಗಳನ್ನು 2024ರಲ್ಲಿ ಮೊದಲ ಸಲ ಪ್ರತ್ಯೇಕವಾಗಿ ಪರಿಶೀಲಿಸಿ ಅಳಿವಿನಂಚಿನ ಪಟ್ಟಿಗೆ ಹಾಕಿದರು. ಅಲ್ಲಿರುವುದು ಸುಮಾರು ಸಾವಿರ. ಬಾಂಗ್ಲಾದೇಶದಲ್ಲಿ 2016ರ ವರದಿ ಪ್ರಕಾರ ಕಾಯಂ ಆಗಿ ಇರುವ ಕಾಡಾನೆ 268 ಮಾತ್ರ. 2017ರಲ್ಲಿ ಕಾಕ್ಸ್ ಬಜಾರ್ ಹತ್ತಿರ ನಿರಾಶ್ರಿತರ ಶಿಬಿರ ಬೆಳೆದದ್ದು ಆನೆಗಳ ಓಡಾಟದ ದಾರಿಯಲ್ಲೇ. ಜೀವ ಉಳಿಸಿಕೊಂಡು ಬಂದ ಜನ, ದಾರಿ ಕಟ್ಟಿಹೋದ ಆನೆ, ಇಬ್ಬರದೂ ಸಂಕಟ. ಶಿಬಿರದಲ್ಲಿ ಜನ ಆನೆಗೆ ಬಲಿಯಾದರು.

ಹೆಚ್ಚಿದ ಕಡೆಗಳೂ ಇವೆ. ಥಾಯ್ಲೆಂಡ್‌ನಲ್ಲಿ ಈಗ ಸುಮಾರು ನಾಲ್ಕು ಸಾವಿರ ಕಾಡಾನೆ, ಪೂರ್ವದ ಕಾಡುಗಳಲ್ಲಿ ಸಂಖ್ಯೆ ಏರುತ್ತಿದೆ. ಅಲ್ಲಿನ ಹಣ್ಣಿನ ತೋಟದವರು ಹೇಳೋದು ಕೇಳಿದರೆ ನಮ್ಮೂರಿನವರೇ ಮಾತಾಡಿದ ಹಾಗಿರುತ್ತದೆ.

ಚೀನಾದ ಉದಾಹರಣೆ ನಮಗೆ ಬಹಳ ಮುಖ್ಯ. ಅಲ್ಲಿ ಆನೆ ಇರುವುದು ಯುನ್ನಾನ್ ಪ್ರಾಂತ್ಯದ ಒಂದು ಮೂಲೆಯಲ್ಲಿ. 1980ರ ದಶಕದಲ್ಲಿ 180ರ ಆಸುಪಾಸು ಇದ್ದದ್ದು ಈಗ ಸುಮಾರು 300 ಆಗಿದೆ. ಬೇಟೆ ನಿಲ್ಲಿಸಿದರು, ಕಾಡು ಕಾಯ್ದರು. ಆದರೆ ಕಾಯ್ದ ಕಾಡು ದಟ್ಟವಾಗುತ್ತಾ ಹೋಗಿ, ನೆಲಕ್ಕೆ ಬಿಸಿಲು ಬೀಳದೆ, ಆನೆ ತಿನ್ನುವ ಹುಲ್ಲು, ಬಿದಿರು, ಕುರುಚಲು ಕಮ್ಮಿಯಾಯಿತು. ಕಾಡಿನ ಹೊರಗೆ ರಬ್ಬರ್ ಬೆಳೆಯಿತು, ಅದರ ಪಕ್ಕದಲ್ಲಿ ಜೋಳ, ಕಬ್ಬು, ಬಾಳೆ. ಆನೆ ಹೊರಗೆ ಬಂತು. 2020ರ ಮಾರ್ಚ್‌ನಲ್ಲಿ ಒಂದು ಹಿಂಡು ಉತ್ತರಕ್ಕೆ ಹೊರಟು, ಸುಮಾರು 500 ಕಿಲೋಮೀಟರ್ ದಾಟಿ, 2021ರ ಜೂನ್ ಹೊತ್ತಿಗೆ ಕುನ್ಮಿಂಗ್ ಅನ್ನೋ ದೊಡ್ಡ ನಗರದ ಅಂಚಿಗೇ ಬಂದುಬಿಟ್ಟಿತು. ಡ್ರೋನ್ ಬಿಟ್ಟು ಹಗಲು ರಾತ್ರಿ ಹಿಂಬಾಲಿಸಿ, ಲಾರಿಗಟ್ಟಲೆ ಆಹಾರ ಸುರಿದು, ರಸ್ತೆ ಮುಚ್ಚಿ, ಆಗಸ್ಟ್ ಹೊತ್ತಿಗೆ ವಾಪಸ್ ತಿರುಗಿಸಿದರು. ಆನೆಯನ್ನು ಮಾತ್ರ ಕಾಪಾಡಿದರೆ ಸಾಲದು, ಅದು ತಿನ್ನುವುದನ್ನೂ ಉಳಿಸಬೇಕು ಅನ್ನೋದು ಇಲ್ಲಿ ಕಾಣುತ್ತದೆ.

ಇನ್ನು ಶ್ರೀಲಂಕಾ. ಒಂದು ದೇಶದಲ್ಲಿ ಆನೆ ಸಂಖ್ಯೆಯೂ ಏರಿ, ಆನೆ ಸಾವೂ ಏರುವುದು ಸಾಧ್ಯವಾ? ಅಲ್ಲಿ ಆಗಿದೆ. 2011ರ ಗಣತಿಯಲ್ಲಿ 5,879, 2024ರ ಗಣತಿಯಲ್ಲಿ 7,451. ಈ ಎರಡು ಗಣತಿಗಳ ನಡುವೆ, 2023ರ ಒಂದೇ ವರ್ಷದಲ್ಲಿ, 488 ಆನೆ ಸತ್ತವು. ಗುಂಡೇಟು, ಕರೆಂಟು, ರೈಲು, ಆಹಾರದೊಳಗೆ ಇಟ್ಟ ‘ಹಕ್ಕ ಪಟಸ್’ ಅನ್ನೋ ಸಿಡಿಮದ್ದು. ಆ ಸಿಡಿಮದ್ದು ಬಾಯಲ್ಲಿ ಸಿಡಿದರೆ ಆನೆ ತಕ್ಷಣ ಸಾಯುವುದಿಲ್ಲ. ದವಡೆ ಒಡೆದು, ತಿನ್ನೋಕಾಗದೆ, ದಿನಗಟ್ಟಲೆ ನರಳಿ ಸಾಯುತ್ತದೆ. ಸುಮ್ನೆ ಕುತೂಹಲಕ್ಕೆ ಬಾಯಿಗೆ ಹಾಕಿಕೊಳ್ಳುವ ಮರಿಗಳೇ ಇದಕ್ಕೆ ಹೆಚ್ಚು ಬಲಿ. ಅದೇ ವರ್ಷ ನೂರೈವತ್ತಕ್ಕೂ ಹೆಚ್ಚು ಜನರೂ ಆನೆಗೆ ಸಿಕ್ಕಿ ಸತ್ತರು.

ಅಲ್ಲಿ ಹೀಗಾಗಲು ಕಾರಣ ಆ ದ್ವೀಪದ ಸುಮಾರು ಶೇ 60 ಭಾಗದಲ್ಲಿ ಆನೆ ಓಡಾಡುತ್ತದೆ, ಹಾಗೆ ಓಡಾಡುವ ಜಾಗದ ಹೆಚ್ಚುಕಮ್ಮಿ ಶೇ 70ರಲ್ಲಿ ಜನರೂ ಇದ್ದಾರೆ. ಕಾಡಿಗೆ ಬೇಲಿ ಹಾಕಿ ಆನೆಯನ್ನು ಒಳಗೆ ಅಟ್ಟಿದರೆ ಅವು ಅಲ್ಲಿ ಮೇವಿಲ್ಲದೆ ಸೊರಗುತ್ತವೆ. ಅದಕ್ಕೇ ಕೆಲವು ಕಡೆ ಲೆಕ್ಕಾಚಾರ ತಿರುಗಿಸಿದ್ದಾರೆ: ಕಾಡಿನ ಬದಲು ಊರಿಗೆ ಮತ್ತು ಗದ್ದೆ ಬಯಲಿಗೆ ಬೇಲಿ. ಭತ್ತ ಇರುವ ತನಕ ರೈತರೇ ಸೋಲಾರ್ ಬೇಲಿ ನೋಡಿಕೊಳ್ಳುತ್ತಾರೆ, ಕೊಯ್ಲಾದ ಮೇಲೆ ಬಿಚ್ಚಿಡುತ್ತಾರೆ, ಆಮೇಲೆ ಆನೆ ಬಂದು ಕೂಳೆ ಮೇಯ್ದುಕೊಂಡು ಹೋಗುತ್ತದೆ.

ಮತ್ತೆ ಹಾಸನಕ್ಕೆ

2023ರ ಗಣತಿಯಲ್ಲಿ ಬಂಡೀಪುರ ಒಂದರಲ್ಲೇ 1,116, ನಾಗರಹೊಳೆಯಲ್ಲಿ 831 ಆನೆ. ರಾಜ್ಯದ ಆನೆಗಳಲ್ಲಿ ದೊಡ್ಡ ಪಾಲು ಆ ಕಡೆಯೇ. ಅಷ್ಟು ಆನೆ ಇರುವ ಆ ಕಾಡಿಗೆ ಹೋಲಿಸಿದರೆ ಹಾಸನದ್ದು ಸಣ್ಣ ಗುಂಪು. ಆದರೆ ಅವಕ್ಕೆ ದೊಡ್ಡ ಕಾಡಿಲ್ಲ. ಕಟ್ಟೆಪುರ, ದೊಡ್ಡಬೆಟ್ಟದಂಥ ತುಂಡು ಕಾಡು, ನಡುವೆ ತೋಟ, ಗದ್ದೆ, ಊರು, ಹೆದ್ದಾರಿ, ಎತ್ತಿನಹೊಳೆ ಕಾಮಗಾರಿ. ಹೇಮಾವತಿ ಜಲಾಶಯ ಬಂದಾಗ ನದಿ ಬದಿ ಮುಳುಗಿತು, ಮುಳುಗಡೆಯಾದವರಿಗೆ ಪುನರ್ವಸತಿಗೆ ಅಂತ ಕಾಡಿನ ಜಾಗವೂ ಹೋಯಿತು. ಇದರಲ್ಲಿ ಆ ಕುಟುಂಬಗಳ ತಪ್ಪೇನೂ ಇಲ್ಲ.

ಕಾಫಿ ತೋಟ ಆನೆಗೆ ಹೇಗೆ ಕಾಣುತ್ತದೆ ಅಂತ ಒಮ್ಮೆ ಯೋಚಿಸಿ. ಮೇಲೆ ಮರದ ನೆರಳು. ಕೆಳಗೆ ಆಳೆತ್ತರದ ಕಾಫಿ ಗಿಡ, ಹಗಲು ನಿಂತರೂ ಯಾರಿಗೂ ಕಾಣದಷ್ಟು ಮರೆ. ತೋಟಕ್ಕೊಂದು ಕೆರೆ, ಬೇಸಿಗೆಯಲ್ಲೂ ನೀರು. ಹಲಸು, ಬೈನೆ, ಬಾಳೆ. ತಗ್ಗಿನಲ್ಲಿ ಭತ್ತದ ಗದ್ದೆ. ಕಾಡಿನಲ್ಲಿ ದಿನವಿಡೀ ಸುತ್ತಿ ಸಂಪಾದಿಸುವ ಮೇವು ಇಲ್ಲಿ ಒಂದೆರಡು ಗಂಟೆಯಲ್ಲಿ ಸಿಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮರಿಗೆ ತೋಟವೇ ಮನೆ, ವಾಪಸ್ ಹೋಗೋಕೆ ಅದಕ್ಕೆ ಬೇರೆ ಕಾಡು ಗೊತ್ತಿಲ್ಲ.

ಹಿಡಿದು ಸಾಗಿಸಿದರೆ ಮುಗಿಯಲ್ವಾ ಅನ್ನೋ ಪ್ರಶ್ನೆ ಸಹಜ. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ, ವಿಜ್ಞಾನಿ ರಾಮನ್ ಸುಕುಮಾರ್ ಅವರ ಮುಂದಾಳತ್ವದಲ್ಲಿ, 2012ರಲ್ಲಿ ವರದಿ ಕೊಟ್ಟಿತು. ಆನೆಗೆ ಆದ್ಯತೆ ಕೊಡುವ ಜಾಗ, ಜನ ಮತ್ತು ಆನೆ ಜತೆಯಲ್ಲಿರುವ ಜಾಗ, ಆನೆಯನ್ನು ತೆಗೆಯಬೇಕಾದ ಜಾಗ ಅಂತ ಮೂರು ಭಾಗ ಮಾಡಿ, ಆಲೂರಿನ ಕಡೆಯನ್ನು ಮೂರನೆಯದಕ್ಕೆ ಸೇರಿಸಿತು. ಆಮೇಲೆ 22 ಆನೆ ಹಿಡಿದರು. ಆದರೂ ಸಮಸ್ಯೆ ನಿಲ್ಲಲಿಲ್ಲ, ಹಿಡಿಯುವ ಕೆಲಸ ಇವತ್ತಿಗೂ ನಡೆಯುತ್ತಲೇ ಇದೆ. ಅದು ಎಷ್ಟು ಅಪಾಯದ ಕೆಲಸ ಅಂತ ಇಡೀ ರಾಜ್ಯಕ್ಕೆ ತಿಳಿದದ್ದು 2023ರ ಡಿಸೆಂಬರ್ 4ರಂದು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ನಮ್ಮ ಯಸಳೂರು ವ್ಯಾಪ್ತಿಯಲ್ಲಿ ಕಾಡಾನೆ ಕಾರ್ಯಾಚರಣೆ ಮಾಡುವಾಗಲೇ ಸಲಗದ ಜತೆ ಕಾದಾಡಿ ಸತ್ತ. ಜಾಗ, ಮೇವು, ನೀರು ಹಾಗೇ ಇರುವ ತನಕ ಒಂದು ಹೋದರೆ ಇನ್ನೊಂದು ಬರುತ್ತದೆ ಅನ್ನೋದನ್ನು ಇಲ್ಲಿನ ಬೆಳೆಗಾರರು ಯಾರೂ ಹೇಳಿಕೊಡದೆ ತಿಳಿದುಕೊಂಡಿದ್ದಾರೆ.

ಜೀವ ಉಳಿಸುವುದರಲ್ಲಿ ಫಲ ಕೊಡುತ್ತಿರುವುದು ಮುನ್ಸೂಚನೆ. ಹಿಂಡಿನ ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಿ ಹಿಂಡು ಎಲ್ಲಿದೆ ಅಂತ ನೋಡುತ್ತಾರೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ (ಇಟಿಎಫ್) ಸಿಬ್ಬಂದಿ ಬೆಳಿಗ್ಗೆ ಹೆಜ್ಜೆ ನೋಡಿ ಹುಡುಕುತ್ತಾರೆ. ಆಮೇಲೆ ಮೊಬೈಲಿಗೆ ಮೆಸೇಜ್, ಕರೆ, ರಸ್ತೆ ಬದಿಯ ಎಲ್‌ಇಡಿ ಬೋರ್ಡ್. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮೊದಲು ಯಶಸ್ಸು ಕಂಡ ಕ್ರಮ ಇದು. ಯಾಕೆ ಮುಖ್ಯ ಅಂದರೆ, ಇಲ್ಲಿ ಸತ್ತವರಲ್ಲಿ ಬಹಳ ಜನಕ್ಕೆ ಆನೆ ಅಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ನಡೆದು ಹೊರಟವರು, ಸಂಜೆ ಬೈಕಿನಲ್ಲಿ ಮನೆಗೆ ಹೊರಟವರು. ಸಲಗಗಳು ಒಂಟಿಯಾಗಿ ತಿರುಗುವುದರಿಂದ ಹಿಂಡಿನ ಕಾಲರ್ ಅವುಗಳ ಸುಳಿವು ಕೊಡುವುದಿಲ್ಲ, ಅದಕ್ಕೆ ಹೆಜ್ಜೆ ನೋಡುವವರೇ ಬೇಕು.

ಮುಂದಿನ ಸಲ ಅಂಕಿ ಬಂದಾಗ

ಯಾವ ದೇಶದ್ದಾಗಲಿ, ರಾಜ್ಯದ್ದಾಗಲಿ, ಆನೆ ಹೆಚ್ಚಿತು, ಇಳಿಯಿತು ಅಂತ ಓದಿದಾಗ ಮೊದಲು ಎರಡು ಸಲವೂ ಒಂದೇ ರೀತಿ ಎಣಿಸಿದ್ದಾರಾ ನೋಡಿ. ಕನಿಷ್ಠ, ಗರಿಷ್ಠ ಕೊಟ್ಟಿದ್ದಾರಾ ನೋಡಿ. ಕೊಡದೆ ಒಂದೇ ಅಂಕಿ ಹೇಳಿದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಗಂಡು, ಹೆಣ್ಣಿನ ಅನುಪಾತ ಮತ್ತು ಮರಿಗಳ ಸಂಖ್ಯೆ ಸಿಕ್ಕರೆ ಒಟ್ಟು ಸಂಖ್ಯೆಗಿಂತ ಅದನ್ನೇ ಗಮನಿಸಿ, ಹತ್ತು ವರ್ಷದ ನಂತರ ಆ ಕಾಡಿನಲ್ಲಿ ಏನಿರುತ್ತದೆ ಅನ್ನೋದಕ್ಕೆ ಅದೇ ಸುಳಿವು.

ಭಾರತದ ಮಟ್ಟಿಗೆ 22,446ಕ್ಕೆ ಹೋಲಿಸಬಹುದಾದ ಇನ್ನೊಂದು ಅಂಕಿ ಇನ್ನೂ ಬಂದಿಲ್ಲ. ಇದೇ ಡಿಎನ್‌ಎ ಕ್ರಮದಲ್ಲಿ ಎರಡನೇ ಸಲ ಎಣಿಸಿದಾಗಲೇ ನಮ್ಮ ಆನೆ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಹೇಳೋಕೆ ಸಾಧ್ಯ.